ಒಂದೇ ಜೀನ್ ದೋಷ, ಬೇರೆ ಬೇರೆ ತೀವ್ರತೆ: ವ್ಯತ್ಯಾಸಕ್ಕೆ ಮಿದುಳಿನ ಉರಿಯೂತ ಕಾರಣವೇ?

ಪ್ರಶ್ನೆ: ಮೂರನೇ ತಲೆಮಾರು

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರ ಮನೆತನದಲ್ಲಿ ಹಂಟಿಂಗ್ಟನ್ ಕಾಯಿಲೆ ಇದೆ. ಮಾವನವರಿಗಿದ್ದದ್ದು ಅವರ ಇಬ್ಬರು ಗಂಡುಮಕ್ಕಳಿಗೂ ಬಂದಿದೆ, ಮತ್ತು ಪರೀಕ್ಷೆಯ ವರದಿಯಲ್ಲಿ ಇಬ್ಬರಿಗೂ ಸಿಎಜಿ ಪುನರಾವರ್ತನೆ (ಕಾಯಿಲೆಯ ಜೀನ್‌ನಲ್ಲಿ ಸಿಎಜಿ ಎಂಬ ಡಿಎನ್‌ಎ ಅಕ್ಷರಗಳ ಗುಂಪು ಎಷ್ಟು ಸಲ ಮರುಕಳಿಸುತ್ತದೆ ಎಂಬ ಲೆಕ್ಕ) 43 ಎಂದೇ ಬರೆದಿದ್ದಾರೆ. ಆದರೆ ಭಾವನವರಿಗೆ ನಲವತ್ತು ತುಂಬುವ ಮೊದಲೇ ಕೈಕಾಲುಗಳು ತಾವಾಗಿಯೇ ಆಡತೊಡಗಿದವು. ಈಗ ಮಾತು ತೊದಲುತ್ತದೆ, ನೀರು ಕುಡಿದರೂ ನೆತ್ತಿಗೇರುತ್ತದೆ. ಅವರಿಗಿಂತ ಎರಡೇ ವರ್ಷ ಚಿಕ್ಕವರಾದ ನಮ್ಮ ಯಜಮಾನರಲ್ಲಿ ಬೆರಳುಗಳ ಸಣ್ಣ ಚಡಪಡಿಕೆ ಮತ್ತು ಎರಡು ಕೆಲಸ ಒಟ್ಟಿಗೆ ಬಂದಾಗಿನ ಗೊಂದಲ ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ.

ಆನುವಂಶಿಕ ನರಕ್ಷಯದ ಕಾಯಿಲೆಗಳಲ್ಲಿ ಮಿದುಳಿನ ಉರಿಯೂತ ಹೆಚ್ಚಿದ್ದಷ್ಟೂ ರೋಗ ಉಗ್ರವಾಗಿರುತ್ತದೆ ಎಂದು ಇತ್ತೀಚೆಗೆ ಹಲವು ಕಡೆ ಓದಿದೆ. ಕುಟುಂಬಗಳ ಗುಂಪೊಂದರಲ್ಲಿ ಪರಿಚಯವಾದ ತಾಯಿಯೊಬ್ಬರ ಮಗನಿಗೆ ಅಡ್ರಿನೋಲ್ಯುಕೋಡಿಸ್ಟ್ರೋಫಿ ಇದೆ. ಅವನ ಎಂ.ಆರ್.ಐ.ಯಲ್ಲಿ ಉರಿಯೂತ ಕಂಡ ಕೂಡಲೇ ವೈದ್ಯರು ಅಸ್ಥಿಮಜ್ಜೆಯ ಕಸಿಗೆ ಅವಸರ ಮಾಡಿದರಂತೆ. ನಮ್ಮ ವೈದ್ಯರಾದರೋ ಉರಿಯೂತದ ಮಾತನ್ನೇ ಎತ್ತುವುದಿಲ್ಲ, ಮಿದುಳಿನ ಚಿತ್ರವನ್ನು ಮತ್ತೆ ಮತ್ತೆ ತೆಗೆಸಲೂ ಹೇಳುವುದಿಲ್ಲ. ಅಣ್ಣತಮ್ಮಂದಿರ ನಡುವಿನ ಈ ಅಂತರಕ್ಕೆ ಉರಿಯೂತವೇ ಕಾರಣವೇ, ಅಥವಾ ನರಕೋಶಗಳು ಸಾಯುತ್ತಿರುವುದರ ಪರಿಣಾಮವಾಗಿ ಅದು ಹಿಂದಿನಿಂದ ಬರುತ್ತದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ: ಬಿಳಿದ್ರವ್ಯ

ನಾನು ನರರೋಗ ವಿಭಾಗದಲ್ಲಿ, ಹೆಚ್ಚಾಗಿ ಬಿಳಿದ್ರವ್ಯದ, ಅಂದರೆ ಮಿದುಳಿನ ನರತಂತುಗಳಿರುವ ಭಾಗದ, ಆನುವಂಶಿಕ ಕಾಯಿಲೆಗಳನ್ನು ನೋಡುವವನು. ಹಾಗಾಗಿ ಆ ತಾಯಿಯ ಮಗನಿಗಿರುವ ಕಾಯಿಲೆಯಿಂದಲೇ ಆರಂಭಿಸುತ್ತೇನೆ. ಉರಿಯೂತಕ್ಕೂ ತೀವ್ರತೆಗೂ ಇರುವ ನಂಟು ಅದರಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಇನ್ನೊಂದರಲ್ಲಿ ಕಾಣುವುದು ಕಡಿಮೆ.

ಅಡ್ರಿನೋಲ್ಯುಕೋಡಿಸ್ಟ್ರೋಫಿಯಲ್ಲಿ ಎಕ್ಸ್ ಕ್ರೋಮೋಸೋಮಿನ ಮೇಲಿರುವ ಎಬಿಸಿಡಿ1 ಎಂಬ ಜೀನ್ ಕೆಟ್ಟಿರುತ್ತದೆ. ಅತಿ ಉದ್ದ ಸರಪಳಿಯ ಕೊಬ್ಬಿನಾಮ್ಲಗಳನ್ನು ಅವು ಒಡೆಯುವ ಜಾಗವಾದ ಜೀವಕೋಶದ ಪೆರಾಕ್ಸಿಸೋಮಿನೊಳಗೆ ಸಾಗಿಸುವ ಪ್ರೋಟೀನು ಈ ಜೀನಿನದು; ಸಾಗಣೆ ನಿಂತರೆ ಆ ಆಮ್ಲಗಳು ಒಡೆಯದೆ ಅಡ್ರಿನಲ್ ಗ್ರಂಥಿಯಲ್ಲೂ ನರಮಂಡಲದಲ್ಲೂ ಶೇಖರವಾಗುತ್ತವೆ. ಈ ಶೇಖರಣೆ ದೋಷವಿರುವ ಎಲ್ಲ ಗಂಡಸರಲ್ಲೂ ಇರುತ್ತದೆ. ಆದರೆ ಬಾಲ್ಯದಲ್ಲಿ ಮಿದುಳಿನೊಳಗೆ ಉರಿಯೂತ ಹೊತ್ತಿಕೊಳ್ಳುವುದು ಸುಮಾರು ಮೂರನೇ ಒಂದು ಭಾಗದ ಹುಡುಗರಲ್ಲಿ ಮಾತ್ರ. ಉಳಿದವರಲ್ಲಿ ಬಹಳ ಮಂದಿಗೆ ದೊಡ್ಡವರಾದ ಮೇಲೆ ಮಿದುಳುಬಳ್ಳಿಯ ಕಾಯಿಲೆಯಾಗಿ, ಕಾಲುಗಳ ಬಿಗಿತ ನಿಧಾನವಾಗಿ ಶುರುವಾಗುತ್ತದೆ. ಒಂದೇ ರೂಪಾಂತರವನ್ನು ಹೊತ್ತ ಸೋದರರಲ್ಲಿ ಒಬ್ಬನಿಗೆ ಮೊದಲನೆಯದು, ಇನ್ನೊಬ್ಬನಿಗೆ ಎರಡನೆಯದು ಬರುವುದನ್ನು ನಾವು ಮತ್ತೆ ಮತ್ತೆ ನೋಡುತ್ತೇವೆ. ಒಂದೇ ಭ್ರೂಣದಿಂದಾದ ಅವಳಿಗಳಲ್ಲಿಯೂ ಹೀಗಾದ ವರದಿಗಳಿವೆ. ರಕ್ತದಲ್ಲಿರುವ ಕೊಬ್ಬಿನಾಮ್ಲದ ಮಟ್ಟ ನೋಡಿ ಯಾರ ಮಿದುಳಿಗೆ ಅಪಾಯವೆಂದು ಮುಂದಾಗಿ ಹೇಳಲು ಬರುವುದಿಲ್ಲ.

ಅಂಥ ಹುಡುಗನ ಎಂ.ಆರ್.ಐ. ನೋಡಿದರೆ, ಸಾಮಾನ್ಯವಾಗಿ ಎರಡು ಅರೆಗೋಳಗಳನ್ನು ಜೋಡಿಸುವ ಕಾರ್ಪಸ್ ಕಲೋಸಮ್‌ನ ಹಿಂತುದಿಯಲ್ಲಿ ಗಾಯ ಕಾಣಿಸಿಕೊಂಡಿರುತ್ತದೆ. ಚಿತ್ರವನ್ನು ಸ್ಪಷ್ಟಗೊಳಿಸುವ ಗ್ಯಾಡೊಲಿನಿಯಂ ಎಂಬ ವಸ್ತುವನ್ನು ಚುಚ್ಚಿ ಮತ್ತೆ ತೆಗೆದಾಗ ಗಾಯದ ಒಳಭಾಗ ಮಂಕಾಗಿಯೇ ಉಳಿದು, ಅದು ಮುಂದುವರಿಯುತ್ತಿರುವ ಅಂಚು ಮಾತ್ರ ತೆಳ್ಳನೆಯ ಗೆರೆಯಾಗಿ ಬೆಳಗುತ್ತದೆ. ಬೆಳಗುವುದೆಂದರೆ ಅಲ್ಲಿ ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆ ಒಡೆದಿದೆ, ರಕ್ತದಿಂದ ರೋಗನಿರೋಧಕ ಕೋಶಗಳಾದ ಟಿ ಕೋಶಗಳೂ ಮ್ಯಾಕ್ರೋಫೇಜ್‌ಗಳೂ ಒಳನುಗ್ಗುತ್ತಿವೆ ಎಂದರ್ಥ. ಆ ಗೆರೆ ಇದ್ದರೆ ಗಾಯ ಹಬ್ಬುತ್ತದೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಕೆಲವೇ ವರ್ಷಗಳಲ್ಲಿ ಮಗುವಿನ ದೃಷ್ಟಿ, ಶ್ರವಣ, ನಡಿಗೆ ಎಲ್ಲವೂ ಹೋಗುತ್ತವೆ. ಗಾಯದ ವಿಸ್ತಾರಕ್ಕೆ 34 ಅಂಕಗಳ ಲೋಯ್ಸ್ ಮಾಪನವಿದೆ. ಅಂಕ 9ನ್ನು ದಾಟುವ ಮೊದಲು, ನಡವಳಿಕೆಯಲ್ಲಿ ದೊಡ್ಡ ಬದಲಾವಣೆ ಕಾಣುವ ಮೊದಲು ಕಸಿ ಮಾಡಿದರೆ ಫಲ ಚೆನ್ನಾಗಿರುತ್ತದೆ, ತಡವಾದರೆ ಇಲ್ಲ. ದೋಷ ಪತ್ತೆಯಾದ ಹುಡುಗರಿಗೆ 3ರಿಂದ 12ನೇ ವಯಸ್ಸಿನವರೆಗೆ ಆರು ತಿಂಗಳಿಗೊಮ್ಮೆ ಎಂ.ಆರ್.ಐ. ಮಾಡಿಸುವುದು ಇದಕ್ಕಾಗಿಯೇ. ಈ ಕಾಯಿಲೆಯಲ್ಲಿ ಉರಿಯೂತವು ತೀವ್ರತೆಯ ಗುರುತು ಮಾತ್ರವಲ್ಲ, ತೀವ್ರ ರೂಪವೆಂದರೆ ಅದೇ.

ಹಂಟಿಂಗ್ಟನ್ ಕಾಯಿಲೆಯ ಮಿದುಳಿನಲ್ಲಿ ಇಂಥ ದಾಳಿ ನಡೆಯುವುದಿಲ್ಲ. ಅಲ್ಲಿ ನಡೆಯುವುದು ಒಳಗಿನ ವ್ಯವಹಾರ: ಮಿದುಳಿನ ನಿವಾಸಿ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ ಮತ್ತು ಅವುಗಳ ಜೊತೆಯ ಆಸ್ಟ್ರೋಸೈಟ್‌ಗಳು ನಿಧಾನವಾಗಿ, ವರ್ಷಾನುಗಟ್ಟಲೆ ಉದ್ರಿಕ್ತ ಸ್ಥಿತಿಯಲ್ಲಿರುತ್ತವೆ. ಇದನ್ನು ಪೆಟ್ ಚಿತ್ರಣದಿಂದ, ಅಂದರೆ ವಿಕಿರಣ ಸೂಸುವ ವಸ್ತುವನ್ನು ದೇಹಕ್ಕೆ ಕೊಟ್ಟು ಅದರ ಸಂಕೇತ ಎಲ್ಲಿಂದ ಬರುತ್ತದೆಂದು ನೋಡುವ ಚಿತ್ರಣದಿಂದ, ಅಂದಾಜು ಮಾಡಬಹುದು. 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಚಲನೆಯನ್ನು ನಿಯಂತ್ರಿಸುವ ಸ್ಟ್ರಯೇಟಮ್ ಎಂಬ ಮಿದುಳಿನ ಭಾಗದಲ್ಲಿ ಈ ಸಂಕೇತ ಹೆಚ್ಚಿದ್ದ ರೋಗಿಗಳಲ್ಲಿ ಕಾಯಿಲೆಯ ತೀವ್ರತೆಯೂ ಹೆಚ್ಚಿರುವುದು ಕಂಡಿತು. ಮರುವರ್ಷದ ಇನ್ನೊಂದು ಅಧ್ಯಯನ, ಲಕ್ಷಣಗಳು ಇನ್ನೂ ಶುರುವಾಗದ ಜೀನ್ ವಾಹಕರಲ್ಲಿಯೂ ಅದೇ ಸಂಕೇತವನ್ನು ಗುರುತಿಸಿತು. ರಕ್ತದಲ್ಲಿ ಇಂಟರ್‌ಲ್ಯೂಕಿನ್-6 ಎಂಬ ಉರಿಯೂತದ ಅಣು, ಲಕ್ಷಣಗಳು ಬರಬಹುದೆಂದು ಲೆಕ್ಕಹಾಕಿದ ಕಾಲಕ್ಕಿಂತ ಸರಾಸರಿ 16 ವರ್ಷ ಮೊದಲೇ ಹೆಚ್ಚಿರುತ್ತದೆ ಎಂಬುದು 2008ರಲ್ಲಿ ವರದಿಯಾಯಿತು. ಆದ್ದರಿಂದ ನರಕೋಶಗಳೆಲ್ಲ ಸತ್ತ ಮೇಲೆ ಉರಿಯೂತ ಬರುತ್ತದೆ ಎನ್ನಲಾಗದು. ಹಾಗೆಂದು, ಮೊದಲು ಬಂದದ್ದೇ ಕಾರಣವೆಂದೂ ಹೇಳಲಾಗದು. ಕೆಟ್ಟ ಹಂಟಿಂಗ್ಟಿನ್ ಪ್ರೋಟೀನು ನರಕೋಶದಲ್ಲೂ ರೋಗನಿರೋಧಕ ಕೋಶದಲ್ಲೂ ಹುಟ್ಟಿನಿಂದಲೇ ತಯಾರಾಗುತ್ತಿರುತ್ತದೆ, ಎರಡೂ ಕಡೆ ಅದು ತನ್ನ ಪಾಡಿಗೆ ತೊಂದರೆ ಕೊಡಬಲ್ಲದು.

ಇವೆರಡಕ್ಕೂ ಸೇರದ ಮೂರನೇ ಬಗೆಯೂ ಇದೆ. ಸಿಎಸ್‌ಎಫ್1ಆರ್ ಜೀನ್ ಕೆಟ್ಟಾಗ ವಯಸ್ಕರಲ್ಲಿ ಬರುವ ಬಿಳಿದ್ರವ್ಯದ ಕಾಯಿಲೆ, ಟ್ರೆಮ್2 ಜೀನಿನ ಎರಡೂ ಪ್ರತಿಗಳು ಕೆಟ್ಟಾಗ ಮೂಳೆಗಳಿಗೂ ಮಿದುಳಿಗೂ ಒಟ್ಟಿಗೆ ಬರುವ ನಾಸು-ಹಕೋಲ ಕಾಯಿಲೆ, ಇವುಗಳಲ್ಲಿ ಮೂಲ ದೋಷವಿರುವುದೇ ಮೈಕ್ರೋಗ್ಲಿಯಾದಲ್ಲಿ. ಅವು ಅತಿಯಾಗಿ ಕೆರಳಿದ್ದರಿಂದಲ್ಲ, ಮಾಡಬೇಕಾದ ಸ್ವಚ್ಛತೆಯ ಕೆಲಸವನ್ನು ಸರಿಯಾಗಿ ಮಾಡದಿದ್ದರಿಂದ ಮಿದುಳು ಹಾಳಾಗುತ್ತದೆ. ಪ್ರೋಗ್ರಾನ್ಯುಲಿನ್ ಜೀನ್ ಇನ್ನೂ ವಿಚಿತ್ರ: ಒಂದು ಪ್ರತಿ ಕೆಟ್ಟರೆ ದೊಡ್ಡವರಾದ ಮೇಲೆ ನಡವಳಿಕೆ ಮತ್ತು ಮಾತು ಕೆಡುವ ಫ್ರಂಟೋಟೆಂಪೊರಲ್ ಡಿಮೆನ್ಷಿಯಾ, ಎರಡೂ ಕೆಟ್ಟರೆ ಬಹಳ ಮೊದಲೇ, ಕೋಶಗಳಲ್ಲಿ ತ್ಯಾಜ್ಯ ತುಂಬಿಕೊಳ್ಳುವ ಬ್ಯಾಟನ್ ಗುಂಪಿಗೆ ಸೇರಿದ ಶೇಖರಣಾ ಕಾಯಿಲೆ. ಎಲ್ಲ ಆನುವಂಶಿಕ ನರಕ್ಷಯಗಳಿಗೂ ಅನ್ವಯಿಸುವ ಒಂದೇ ಉತ್ತರವನ್ನು ಹುಡುಕುವ ಲೇಖನಗಳನ್ನು ನಾನು ಸಂಶಯದಿಂದಲೇ ಓದುವುದು ಈ ಕಾರಣಕ್ಕೆ.

ಉತ್ತರ: ವಂಶವೃಕ್ಷ

ಮೇಲಿನವರ ವಿವರಣೆಯನ್ನು ಒಪ್ಪುತ್ತೇನೆ. ಆದರೆ ಕೇಳಿರುವುದು ಹಂಟಿಂಗ್ಟನ್ ಬಗ್ಗೆ, ಮತ್ತು ಅಲ್ಲಿ ಅಣ್ಣತಮ್ಮಂದಿರ ಅಂತರಕ್ಕೆ ಉರಿಯೂತಕ್ಕಿಂತ ಬಲವಾದ ಪುರಾವೆಯಿರುವ ವಿವರಣೆ ಬೇರೊಂದಿದೆ. ನಾನು ಆನುವಂಶಿಕ ಸಲಹೆಯ ಕ್ಷೇತ್ರದಲ್ಲಿರುವುದರಿಂದ ಅದನ್ನು ಹೇಳದೆ ಬಿಡಲಾರೆ.

ಪುನರಾವರ್ತನೆ 40 ಅಥವಾ ಹೆಚ್ಚಿದ್ದರೆ ಸಹಜ ಆಯುಸ್ಸಿನಲ್ಲಿ ಕಾಯಿಲೆ ಬಂದೇ ಬರುತ್ತದೆ, 36ರಿಂದ 39ರವರೆಗೆ ಬರಲೂಬಹುದು ಬರದಿರಲೂಬಹುದು. ಆದರೆ ಯಾವ ವಯಸ್ಸಿಗೆ ಎಂಬುದರಲ್ಲಿ ಕಾಣುವ ವ್ಯತ್ಯಾಸದ ಸುಮಾರು ಶೇಕಡ 50ರಿಂದ 70ರಷ್ಟನ್ನು ಮಾತ್ರ ಈ ಸಂಖ್ಯೆ ವಿವರಿಸುತ್ತದೆ. ಉಳಿದದ್ದನ್ನು ಹುಡುಕಲು ಸಾವಿರಾರು ರೋಗಿಗಳ ಸಂಪೂರ್ಣ ಜೀನೋಮನ್ನು ಜಾಲಾಡಿದ ಅಧ್ಯಯನಗಳು 2015ರಲ್ಲಿ ಮತ್ತು 2019ರಲ್ಲಿ ಪ್ರಕಟವಾದವು. ಉರಿಯೂತವೇ ತೀವ್ರತೆಯ ಯಜಮಾನನಾಗಿದ್ದರೆ ರೋಗನಿರೋಧಕ ವ್ಯವಸ್ಥೆಯ ಜೀನ್‌ಗಳು ಪಟ್ಟಿಯ ಮೇಲ್ತುದಿಯಲ್ಲಿ ಬರಬೇಕಿತ್ತು. ಅಲ್ಲಿ ಬಂದದ್ದು ಎಫ್‌ಎಎನ್1, ಎಂಎಸ್‌ಎಚ್3 ಮೊದಲಾದ, ಡಿಎನ್‌ಎ ದುರಸ್ತಿ ಮಾಡುವ ಜೀನ್‌ಗಳು.

ಇದರ ಹಿಂದಿನ ಕ್ರಿಯೆ ಈಗ ಸಾಕಷ್ಟು ತಿಳಿಯಾಗಿದೆ. ರಕ್ತದಲ್ಲಿ 43 ಎಂದು ಬಂದ ಪುನರಾವರ್ತನೆ ಸ್ಟ್ರಯೇಟಮ್‌ನ ಕೆಲವು ನರಕೋಶಗಳಲ್ಲಿ ಬದುಕಿಡೀ ಸ್ವಲ್ಪ ಸ್ವಲ್ಪವೇ ಉದ್ದವಾಗುತ್ತಾ ಹೋಗುತ್ತದೆ. ಅದು ಸುಮಾರು 150ನ್ನು ದಾಟುವವರೆಗೆ ಆ ಕೋಶದಲ್ಲಿ ಹೇಳಿಕೊಳ್ಳುವ ಬದಲಾವಣೆ ಕಾಣುವುದಿಲ್ಲ, ದಾಟಿದ ಮೇಲೆ ಕೋಶ ಬೇಗನೆ ಹದಗೆಟ್ಟು ಸಾಯುತ್ತದೆ ಎಂದು ಮರಣಾನಂತರ ದಾನವಾಗಿ ಬಂದ ಮಿದುಳುಗಳ ಒಂದೊಂದು ಕೋಶವನ್ನೂ ಬಿಡಿಬಿಡಿಯಾಗಿ ಪರೀಕ್ಷಿಸಿ 2025ರಲ್ಲಿ ವರದಿ ಮಾಡಿದ್ದಾರೆ. ದುರಸ್ತಿಯ ಜೀನ್‌ಗಳು ಈ ಉದ್ದವಾಗುವಿಕೆಯ ವೇಗವನ್ನು ಹೆಚ್ಚುಕಡಿಮೆ ಮಾಡುತ್ತವೆ. ನಿಮ್ಮ ಯಜಮಾನರಿಗೂ ಭಾವನವರಿಗೂ ತಂದೆಯಿಂದ ಬಂದ ಹಂಟಿಂಗ್ಟನ್ ಪ್ರತಿ ಒಂದೇ ಆಗಿದ್ದರೂ, ದುರಸ್ತಿಯ ಜೀನ್‌ಗಳು ತಂದೆತಾಯಿ ಇಬ್ಬರಿಂದಲೂ ಬೇರೆ ಬೇರೆ ಜೋಡಣೆಯಲ್ಲಿ ಬಂದಿರಬಹುದು. ನಿಮ್ಮ ಮನೆಯಲ್ಲಿ ಇದೇ ಆಗಿದೆ ಎಂದು ನಾನು ಹೇಳುತ್ತಿಲ್ಲ. ಒಂದು ಕುಟುಂಬದ ಇಬ್ಬರನ್ನು ನೋಡಿ ಅದನ್ನು ತೀರ್ಮಾನಿಸಲು ಯಾರಿಂದಲೂ ಆಗದು. ಭಾವನವರಿಗೆ ಬೇಗ ಬಂತೆಂದು ಮುಂದಿನ ಮಕ್ಕಳಿಗೂ ಬೇಗ ಬರುತ್ತದೆಂಬ ಲೆಕ್ಕವೂ ಇದರಿಂದ ಹುಟ್ಟುವುದಿಲ್ಲ.

ಉತ್ತರ: ಇಲಿಮನೆ

ಕಾರಣವೋ ಪರಿಣಾಮವೋ ಎಂಬುದನ್ನು ಮನುಷ್ಯರಲ್ಲಿ ಬೇರ್ಪಡಿಸಿ ನೋಡುವುದು ಕಷ್ಟ, ಪ್ರಾಣಿಗಳಲ್ಲಿ ಸ್ವಲ್ಪ ಮಟ್ಟಿಗೆ ಸಾಧ್ಯ. ಕೆಟ್ಟ ಜೀನನ್ನು ಒಂದು ಬಗೆಯ ಕೋಶದಿಂದ ಮಾತ್ರ ತೆಗೆದುಹಾಕಿ, ಉಳಿದೆಡೆ ಹಾಗೆಯೇ ಬಿಟ್ಟು, ಕಾಯಿಲೆ ಹೇಗೆ ಬದಲಾಗುತ್ತದೆಂದು ನೋಡಬಹುದು. ಎರಡು ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟು ಹೇಳುತ್ತೇನೆ.

ಮೊದಲನೆಯದು ಎಸ್‌ಒಡಿ1 ಜೀನಿನಿಂದ ಬರುವ ಆನುವಂಶಿಕ ಎ.ಎಲ್.ಎಸ್. ಕಾಯಿಲೆಯದು, ಅಂದರೆ ಸ್ನಾಯುಗಳನ್ನು ಆಡಿಸುವ ಚಲನಾ ನರಕೋಶಗಳು ಸಾಯುವ ಕಾಯಿಲೆಯದು. (ಎಸ್‌ಒಡಿ1, ಎಬಿಸಿಡಿ1 ಮತ್ತು ಹಂಟಿಂಗ್ಟನ್ ಜೀನ್ ಮೂರೂ ಪತ್ತೆಯಾದದ್ದು 1993ರಲ್ಲಿ, ಈ ಕ್ಷೇತ್ರಕ್ಕೆ ಅದೊಂದು ಸುಗ್ಗಿಯ ವರ್ಷ.) 2006ರ ಪ್ರಯೋಗದಲ್ಲಿ ಇಲಿಗಳ ಚಲನಾ ನರಕೋಶಗಳಿಂದ ಕೆಟ್ಟ ಜೀನನ್ನು ತೆಗೆದಾಗ ಕಾಯಿಲೆ ತಡವಾಗಿ ಶುರುವಾಯಿತು. ಮೈಕ್ರೋಗ್ಲಿಯಾ ಮತ್ತು ಅದೇ ಬಳಗದ ಕೋಶಗಳಿಂದ ತೆಗೆದಾಗ, ಶುರುವಾಗುವ ಕಾಲ ಹೆಚ್ಚು ಬದಲಾಗಲಿಲ್ಲ, ಆದರೆ ಶುರುವಾದ ನಂತರದ ಹಂತ ಬಹಳ ನಿಧಾನವಾಯಿತು. ಎಂದರೆ ಕಾಯಿಲೆಗೆ ಕಿಡಿ ಹಚ್ಚಿದ್ದು ನರಕೋಶದ ದೋಷ, ಅದನ್ನು ವೇಗವಾಗಿ ಮುಂದಕ್ಕೆ ಒಯ್ದದ್ದು ಉದ್ರಿಕ್ತ ಮೈಕ್ರೋಗ್ಲಿಯಾ. ಕಾಯಬೇಕಾದವೇ ಕೆಡಿಸುವ ಈ ಹಂತಕ್ಕೆ ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಮಾತು ಚೆನ್ನಾಗಿ ಒಪ್ಪುತ್ತದೆ.

ಎರಡನೆಯದು ಹಂಟಿಂಗ್ಟನ್ ಕಾಯಿಲೆಯ ಒಂದು ತಳಿಯ ಇಲಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದದ್ದು. ಅಲ್ಲಿ ಮೈಕ್ರೋಗ್ಲಿಯಾದಿಂದ ಮಾತ್ರ ಕೆಟ್ಟ ಜೀನನ್ನು ತೆಗೆದರು, ಆದರೆ ಇಲಿಗಳ ಕಾಯಿಲೆ ಸುಧಾರಿಸಲಿಲ್ಲ. ಒಂದೇ ಬಗೆಯ ಪ್ರಶ್ನೆ, ಒಂದೇ ಬಗೆಯ ತಂತ್ರ, ಎರಡು ಕಾಯಿಲೆಗಳಲ್ಲಿ ಎರಡು ಉತ್ತರ. ಇಲಿ ಮನುಷ್ಯನಲ್ಲ, ಮತ್ತು ಕೆಟ್ಟ ಜೀನ್ ಇಲ್ಲದ ಮೈಕ್ರೋಗ್ಲಿಯಾ ಕೂಡ ಸಾಯುತ್ತಿರುವ ನರಕೋಶದ ಪಕ್ಕದಲ್ಲಿದ್ದಾಗ ಕೆರಳಬಲ್ಲದು. ಆದ್ದರಿಂದ ಹಂಟಿಂಗ್ಟನ್‌ನಲ್ಲಿ ಉರಿಯೂತಕ್ಕೆ ಪಾತ್ರವೇ ಇಲ್ಲವೆಂದು ಈ ಪ್ರಯೋಗದಿಂದ ಹೇಳಲಾಗದು. ಅಲ್ಲಿ ಅದು ಮುಖ್ಯ ಚಾಲಕನಲ್ಲ ಎಂಬ ವಂಶವೃಕ್ಷ ಅವರ ಮಾತಿಗೆ ಮಾತ್ರ ಇದು ಸರಿಹೊಂದುತ್ತದೆ.

ಮರುಪ್ರಶ್ನೆ: ಮೂರನೇ ತಲೆಮಾರು

ಎಲ್ಲರಿಗೂ ಧನ್ಯವಾದಗಳು. ಡಿಎನ್‌ಎ ದುರಸ್ತಿಯ ವಿಷಯವನ್ನು ನಾನು ಕೇಳಿಯೇ ಇರಲಿಲ್ಲ. ಇನ್ನೆರಡು ಸಂದೇಹಗಳಿವೆ. ಭಾವನವರ ಸಿ.ಆರ್.ಪಿ. ಪರೀಕ್ಷೆ ಸಹಜವಾಗಿದೆ, ಅವರ ಮಿದುಳಿನಲ್ಲಿ ಉರಿಯೂತ ಇಲ್ಲವೆಂದು ಅದರಿಂದ ತಿಳಿಯಬಹುದೇ? ಎರಡನೆಯದಾಗಿ, ಉರಿಯೂತ ಚಾಲಕನಲ್ಲದಿದ್ದರೂ ಸಹಾಯಕನಾದರೂ ಆಗಿದೆಯಲ್ಲ, ಹಾಗಾದರೆ ಸ್ಟೀರಾಯ್ಡ್ ಅಥವಾ ನೋವು ನಿವಾರಕದಂಥ ಮಾತ್ರೆಗಳಿಂದ ಅದನ್ನು ತಗ್ಗಿಸಿದರೆ ಕಾಯಿಲೆಯ ವೇಗ ಸ್ವಲ್ಪವಾದರೂ ಇಳಿಯಬೇಕಲ್ಲವೇ? ಪರಿಚಯದ ಒಬ್ಬರು ಮಿನೊಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಮಿದುಳಿನ ಉರಿಯೂತಕ್ಕೆ ಒಳ್ಳೆಯದೆಂದು ಹೇಳಿದ್ದಾರೆ.

ಉತ್ತರ: ಹೊರರೋಗಿ ವಿಭಾಗ

ಮಿನೊಸೈಕ್ಲಿನ್ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅದನ್ನು ಯಾರಾದರೂ ಕೊಡಲು ಶುರುಮಾಡುವ ಮೊದಲು ಈ ಉತ್ತರ ನಿಮ್ಮನ್ನು ತಲುಪಬೇಕು. ಇಲಿಗಳಲ್ಲಿ ಮೈಕ್ರೋಗ್ಲಿಯಾವನ್ನು ತಣಿಸುತ್ತದೆಂದು ಹೆಸರು ಪಡೆದಿದ್ದ ಈ ಔಷಧವನ್ನು ಎ.ಎಲ್.ಎಸ್. ಇರುವ 412 ಜನರಲ್ಲಿ ಪರೀಕ್ಷಿಸಿದರು. 2007ರಲ್ಲಿ ಬಂದ ಫಲಿತಾಂಶದ ಪ್ರಕಾರ, ಔಷಧ ಪಡೆದವರ ಸಾಮರ್ಥ್ಯದ ಅಂಕ ಪಡೆಯದವರಿಗಿಂತ ಸುಮಾರು ಶೇಕಡ 25ರಷ್ಟು ವೇಗವಾಗಿ ಕುಸಿಯಿತು. ಆ ರೋಗಿಗಳಲ್ಲಿ ಹೆಚ್ಚಿನವರದು ಆನುವಂಶಿಕ ರೂಪವಲ್ಲ, ನಿಮ್ಮವರ ಕಾಯಿಲೆಯೂ ಅದಲ್ಲ. ಆದರೂ ಉರಿಯೂತ ತಗ್ಗಿಸುವ ಔಷಧದಿಂದ ಹೆಚ್ಚೆಂದರೆ ಉಪಯೋಗವಾಗದಿರಬಹುದು, ಹಾನಿಯಂತೂ ಆಗದು ಎಂಬ ನಂಬಿಕೆಗೆ ಅಲ್ಲಿಯೇ ಪೆಟ್ಟು ಬಿತ್ತು.

ಹಂಟಿಂಗ್ಟನ್‌ನಲ್ಲಿ ಇದೇ ಉದ್ದೇಶದಿಂದ ಲ್ಯಾಕ್ವಿನಿಮಾಡ್ ಎಂಬ ಔಷಧವನ್ನು ಹನ್ನೆರಡು ತಿಂಗಳ ಕಾಲ ಪರೀಕ್ಷಿಸಲಾಗಿತ್ತು. ಅದನ್ನು ಪಡೆದವರ ಸ್ಟ್ರಯೇಟಮ್‌ಗೆ ಸೇರಿದ ಕಾಡೇಟ್ ಭಾಗ ಕುಗ್ಗುವುದು ಕಡಿಮೆಯಾದಂತೆ ಚಿತ್ರಗಳಲ್ಲಿ ಕಂಡಿತು, ಆದರೆ ಚಲನೆಯ ಅಂಕದಲ್ಲಿ ವ್ಯತ್ಯಾಸವಾಗಲಿಲ್ಲ. ರೋಗಿಗೆ ಬೇಕಾದದ್ದು ಎರಡನೆಯದು. ಇನ್ನು ಸ್ಟೀರಾಯ್ಡ್ ದೀರ್ಘಕಾಲ ಕೊಟ್ಟರೆ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ, ಸ್ನಾಯು ಬಲಹೀನವಾಗುತ್ತದೆ, ಮನಸ್ಸು ಕದಡುತ್ತದೆ. ಮೊದಲೇ ತೂಕ ಇಳಿದು, ನಡಿಗೆ ತಪ್ಪಿ, ಸಿಡುಕು ಮತ್ತು ಖಿನ್ನತೆ ಇರುವ ರೋಗಿಗೆ ಇದರಲ್ಲಿ ಒಂದೂ ಬೇಡ.

ಬಿಳಿದ್ರವ್ಯ ಅವರು ವಿವರಿಸಿದ, ಉರಿಯೂತ ಎದ್ದು ಕಾಣುವ ಅಡ್ರಿನೋಲ್ಯುಕೋಡಿಸ್ಟ್ರೋಫಿಯಲ್ಲಿ ಕೂಡ ರೋಗನಿರೋಧಕ ಶಕ್ತಿಯನ್ನು ಅಡಗಿಸುವ ಔಷಧಗಳು ಗಾಯವನ್ನು ನಿಲ್ಲಿಸಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಸೈಕ್ಲೋಫಾಸ್ಫಮೈಡ್, ಬೀಟಾ ಇಂಟರ್‌ಫೆರಾನ್ ಎರಡೂ ಸೋತವು. ಫಲಿಸಿದ್ದು ಕಸಿ; ಅದರಲ್ಲಿ ದಾನಿಯ ಅಸ್ಥಿಮಜ್ಜೆಯಿಂದ ಬಂದ, ಸರಿಯಾದ ಜೀನ್ ಇರುವ ಕೋಶಗಳು ಮಿದುಳನ್ನು ಸೇರಿ ನೆಲೆಸುತ್ತವೆ. ಹೊಂದುವ ದಾನಿ ಇಲ್ಲದ ಹುಡುಗರಿಗೆ, ಅವರದೇ ಕೋಶಗಳಿಗೆ ಸರಿಯಾದ ಜೀನ್ ಸೇರಿಸಿ ಮರಳಿಸುವ ಚಿಕಿತ್ಸೆಗೆ ಅಮೆರಿಕದಲ್ಲಿ 2022ರಲ್ಲಿ ಅನುಮತಿ ಸಿಕ್ಕಿತು. ಆದರೆ ಹಾಗೆ ಚಿಕಿತ್ಸೆ ಪಡೆದ ಕೆಲವರಲ್ಲಿ ರಕ್ತದ ಕ್ಯಾನ್ಸರ್ ಕಾಣಿಸಿಕೊಂಡಿದೆ, ಆದ್ದರಿಂದ ಅದನ್ನು ಬಹಳ ಎಚ್ಚರದಿಂದ ಬಳಸುತ್ತಾರೆ. ಅಂಕೆ ತಪ್ಪಿದ ಕೋಶಗಳನ್ನು ಔಷಧದಿಂದ ಸುಮ್ಮನಾಗಿಸುವುದು ಬೇರೆ, ಅವುಗಳ ಜಾಗದಲ್ಲಿ ಕೆಲಸ ಬಲ್ಲ ಕೋಶಗಳನ್ನು ತರುವುದು ಬೇರೆ.

ಸಿ.ಆರ್.ಪಿ. ವಿಷಯ: ಅದು ಯಕೃತ್ತು ತಯಾರಿಸುವ ಪ್ರೋಟೀನು, ದೇಹದ ಸೋಂಕು ಮತ್ತು ಗಾಯಗಳಿಗೆ ಸ್ಪಂದಿಸುತ್ತದೆ. ಮಿದುಳಿನೊಳಗಿನ ಮೈಕ್ರೋಗ್ಲಿಯಾ ಹೇಗಿವೆ ಎಂಬುದನ್ನು ಅದು ಹೇಳುವುದಿಲ್ಲ. ಪೆಟ್ ಚಿತ್ರಣದಲ್ಲಿ ಬಳಸುವ ವಸ್ತುಗಳು ಟಿಎಸ್‌ಪಿಒ ಎಂಬ ಪ್ರೋಟೀನಿಗೆ ಅಂಟುತ್ತವೆ, ಆದರೆ ಆ ಪ್ರೋಟೀನು ಆಸ್ಟ್ರೋಸೈಟ್‌ಗಳಲ್ಲೂ ರಕ್ತನಾಳದ ಒಳಪದರದಲ್ಲೂ ಇರುತ್ತದೆ. ಮನುಷ್ಯರಲ್ಲಿ ಆ ಸಂಕೇತ ಮೈಕ್ರೋಗ್ಲಿಯಾ ಎಷ್ಟು ದಟ್ಟವಾಗಿವೆ ಎಂಬುದನ್ನು ತೋರಿಸುತ್ತದೆಯೇ ಹೊರತು ಎಷ್ಟು ಕೆರಳಿವೆ ಎಂಬುದನ್ನಲ್ಲ ಎಂದು ಈಚಿನ ಕೆಲಸ ಸೂಚಿಸುತ್ತದೆ. ಸಾಲದ್ದಕ್ಕೆ, ಹೊಸ ಪೀಳಿಗೆಯ ವಸ್ತುಗಳು ಎಷ್ಟು ಗಟ್ಟಿಯಾಗಿ ಅಂಟುತ್ತವೆ ಎಂಬುದು ವ್ಯಕ್ತಿಯ ಜೀನ್ ನೋಡಿ ಬದಲಾಗುತ್ತದೆ. ಸಂಶೋಧನೆಗೆ ಇದು ಉಪಯುಕ್ತ, ಒಬ್ಬ ರೋಗಿಯ ಮುಂದಿನ ದಾರಿ ತಿಳಿಯಲು ಅಲ್ಲ. ರಕ್ತದಲ್ಲಿ ಅಳೆಯಬಹುದಾದ ನ್ಯೂರೋಫಿಲಮೆಂಟ್ ಲೈಟ್ ಎಂಬ ಪ್ರೋಟೀನು ನರತಂತುಗಳು ಎಷ್ಟು ವೇಗವಾಗಿ ಹಾಳಾಗುತ್ತಿವೆ ಎಂಬುದನ್ನು ಚೆನ್ನಾಗಿ ತೋರಿಸುತ್ತದೆ, ಆದರೆ ಅದು ಹಾನಿಯ ಅಳತೆ, ಉರಿಯೂತದ ಅಳತೆಯಲ್ಲ. ನಿಮ್ಮ ವೈದ್ಯರು ಚಿತ್ರಗಳನ್ನು ಮತ್ತೆ ಮತ್ತೆ ತೆಗೆಸದಿರುವುದು ಉದಾಸೀನದಿಂದ ಅಲ್ಲವೆಂದೇ ನನಗನ್ನಿಸುತ್ತದೆ. ಹಂಟಿಂಗ್ಟನ್‌ನಲ್ಲಿ ಆ ಚಿತ್ರ ನೋಡಿ ಚಿಕಿತ್ಸೆಯಲ್ಲಿ ಬದಲಿಸುವಂಥದ್ದು ಸದ್ಯಕ್ಕೆ ಏನೂ ಇಲ್ಲ.

ಆದರೆ ದೇಹದ ಉರಿಯೂತಕ್ಕೂ ಮಿದುಳಿಗೂ ಸಂಬಂಧವೇ ಇಲ್ಲವೆಂದು ಭಾವಿಸಬೇಡಿ. ಆಲ್ಝೈಮರ್ ರೋಗಿಗಳನ್ನು ಆರು ತಿಂಗಳು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಡುವೆ ಸೋಂಕು ಅಥವಾ ಪೆಟ್ಟಿನಂಥ ಘಟನೆಯಾದವರ ನೆನಪಿನ ಶಕ್ತಿ ಹೆಚ್ಚು ವೇಗವಾಗಿ ಕುಂದಿತ್ತು. ಹಂಟಿಂಗ್ಟನ್ ರೋಗಿಗಳಲ್ಲಿಯೂ ಕೆಲವೇ ದಿನಗಳಲ್ಲಿ ಚಲನೆ, ಗೊಂದಲ, ಸಿಟ್ಟು ಏಕಾಏಕಿ ಹೆಚ್ಚಿದರೆ ಅದನ್ನು ಕಾಯಿಲೆ ಮುಂದುವರಿದದ್ದೆಂದು ಒಪ್ಪಿಕೊಂಡು ಕೂರಬಾರದು. ನಾವು ಮೊದಲು ಹುಡುಕುವುದು ಮೂತ್ರದ ಸೋಂಕು, ಎದೆಯ ಸೋಂಕು, ಹಲ್ಲಿನ ಕೀವು, ಹೇಳಿಕೊಳ್ಳಲಾಗದ ನೋವು, ಮಲಬದ್ಧತೆ, ಹೊಸದಾಗಿ ಶುರುಮಾಡಿದ ಔಷಧ ಇವುಗಳನ್ನು. ಮಾತು ತೊದಲುವ ವ್ಯಕ್ತಿ ತನಗೆ ಎಲ್ಲಿ ನೋವೆಂದು ಹೇಳದೆಯೂ ಇರಬಹುದು.

ನಿಮ್ಮ ಬರಹದಲ್ಲಿ ನನ್ನ ಗಮನ ಸೆಳೆದದ್ದು ಭಾವನವರಿಗೆ ನೀರು ಕುಡಿದರೆ ನೆತ್ತಿಗೇರುತ್ತದೆ ಎಂಬ ಸಾಲು. ಈ ಕಾಯಿಲೆಯಲ್ಲಿ ಸಾವಿಗೆ ಅತಿ ಸಾಮಾನ್ಯ ಕಾರಣ ನ್ಯುಮೋನಿಯಾ, ಅದರಲ್ಲೂ ಆಹಾರ, ನೀರು ಶ್ವಾಸನಾಳಕ್ಕೆ ಇಳಿದು ಆಗುವಂಥದ್ದು. ನುಂಗುವಿಕೆಯನ್ನು ಪರೀಕ್ಷಿಸುವ ವಾಕ್ ಚಿಕಿತ್ಸಕರ ಬಳಿ ಅವರನ್ನು ಈಗಲೇ ಕರೆದೊಯ್ಯಿರಿ. ದ್ರವವನ್ನು ಎಷ್ಟು ಮಂದ ಮಾಡಿ ಕೊಡಬೇಕು, ಒಂದು ಗುಟುಕಿಗೆ ಎಷ್ಟು ಕೊಡಬೇಕು, ಕತ್ತನ್ನು ಹೇಗೆ ಹಿಡಿದು ನುಂಗಬೇಕು ಎಂಬುದನ್ನು ಅವರು ನೋಡಿ ಹೇಳುತ್ತಾರೆ. ಅಲ್ಲಿಯವರೆಗೆ ನೆಟ್ಟಗೆ ಕೂರಿಸಿ, ಟಿ.ವಿ. ಆರಿಸಿ, ಒಂದು ತುತ್ತು ಪೂರ್ತಿ ಇಳಿದ ಮೇಲೆಯೇ ಇನ್ನೊಂದನ್ನು ಕೊಡಿ, ಊಟವಾದ ಕೂಡಲೇ ಮಲಗಿಸಬೇಡಿ. ಜ್ವರ ಬಂದರೆ, ಅಥವಾ ಜ್ವರವಿಲ್ಲದೆಯೂ ಉಸಿರಾಟ ವೇಗವಾಗಿ ಕಫ ಕಟ್ಟಿದಂತಾದರೆ ಅದೇ ದಿನ ವೈದ್ಯರಿಗೆ ತೋರಿಸಿ.